ಬೂಟು ಹಾಕಿದ ಗೆದ್ದಲು

ನಮ್ಮಕ್ಕ ಬಡಗಿ. ಅಪ್ಪನ ಉಳಿ, ಸುತ್ತಿಗೆ, ಬಾಯಿ ಮೂರೂ ಅವಳಿಗೇ ಬಂದವು. ನನ್ನ ಪಾಲಿಗೆ ಬಂದದ್ದು ಬಾಯಿ ಮಾತ್ರ, ಅದೂ ತಡವಾಗಿ. ಪೇಟೆಯವರೆಲ್ಲ ಅವಳನ್ನು ಬಾಗಿಲಕ್ಕ ಎಂದೇ ಕರೆಯುತ್ತಾರೆ. ಹೊಸ ಬಾಗಿಲು ಕೂರಿಸಿದ ಮನೆಯಿಂದ ಹಳೆಯದನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಬರುವುದು ಅವಳ ಪದ್ಧತಿ. ಒಳ್ಳೆಯ ಹಲಗೆ ಸ್ಟೂಲಾಗುತ್ತದೆ, ಕೆಟ್ಟದ್ದು ಒಲೆ ಸೇರುತ್ತದೆ.

ಕೆಲವು ಬಾಗಿಲುಗಳಿಗೆ ಮಾತ್ರ ಅವಳು ಗರಗಸ ತಾಗಿಸುತ್ತಿರಲಿಲ್ಲ. ಅಂಗಡಿಯ ಹಿಂಗೋಡೆಗೆ ಒರಗಿಸಿ ಇಡುತ್ತಿದ್ದಳು. ಮಲಗುವ ಕೋಣೆಯವು, ಬಚ್ಚಲಿನವು. ಚಿಲಕದ ಜಾಗದಲ್ಲಿ ಮರ ಸಿಗಿದಿರುತ್ತಿತ್ತು, ಕೆಳಗೆ ಹಲಗೆ ಒಳಮುಖವಾಗಿ ಬಿರಿದಿರುತ್ತಿತ್ತು. ಒಳಗಿನಿಂದ ಯಾರೋ ಚಿಲಕ ಹಾಕಿಕೊಂಡಿದ್ದಾರೆ, ಹೊರಗಿನಿಂದ ಯಾರೋ ಒದ್ದಿದ್ದಾರೆ. ಏನಾಯಿತೆಂದು ಕೇಳಿದರೆ ಯಜಮಾನರದು ಒಂದೇ ಉತ್ತರ.

"ಗೆದ್ದಲು ಹಿಡಿದಿತ್ತಮ್ಮ."

"ಹೌದೌದು, ಬೂಟು ಹಾಕ್ಕೊಂಡಿರೋ ಗೆದ್ದಲು," ಎಂದು ಅಕ್ಕ ದಾರಿಯುದ್ದಕ್ಕೂ ಗೊಣಗುತ್ತಿದ್ದಳು.

ಆ ಬಾಗಿಲುಗಳಲ್ಲಿ ಒಂದು ನನ್ನದು. ನನ್ನ ಗಂಡ ವರ್ತಕರ ಸಂಘದ ಕಾರ್ಯದರ್ಶಿ, ಬೀದಿಯಲ್ಲಿ ಇರುವೆಗೂ ದಾರಿ ಬಿಡುವ ಸಭ್ಯ. ಬಾಗಿಲು ಮುರಿದ ಮೇಲೆ, ನೆಂಟರಲ್ಲೇ ಬಡಗಿ ಇರುವಾಗ ಹೊರಗಿನವರೇಕೆ ಎಂದು ಅಕ್ಕನನ್ನೇ ಕರೆಸಿದ. ಅವಳಿಗೂ ಗೆದ್ದಲಿನ ಕಥೆಯನ್ನೇ ಹೇಳಿದ. ಅಕ್ಕ ಹಳೆಯ ಬಾಗಿಲಿನ ಜೊತೆ ನನ್ನನ್ನೂ ಗಾಡಿಗೆ ಹತ್ತಿಸಿಕೊಂಡು ಬಂದಳು. ಅವನೋ, "ಅವರಕ್ಕಂಗೆ ಹುಷಾರಿಲ್ಲ, ನೋಡ್ಕೊಳ್ಳೋಕೆ ಹೋಗಿದ್ದಾಳೆ," ಎಂದು ಊರೆಲ್ಲ ಸಾರಿದ. ಹುಷಾರಿಲ್ಲದ ಅಕ್ಕ ಹೆಗಲ ಮೇಲೆ ಬಾಗಿಲು ಹೊತ್ತು ಎಲ್ಲರ ಕಣ್ಣೆದುರೇ ಓಡಾಡುತ್ತಿದ್ದರೂ ಜನ ನಂಬಿದರು. ಒದೆತಕ್ಕಿಂತ ಇದು ನನ್ನ ಹೊಟ್ಟೆ ಹೆಚ್ಚು ಉರಿಸಿತು.

ಹೋದ ವರ್ಷ ಒಂದು ಬಚ್ಚಲಿನ ಬಾಗಿಲು ಬಂತು. ಅದರ ಹಿಂದಿದ್ದ ಹೆಂಗಸು ಉಳಿಯಲಿಲ್ಲ. ಆ ಮನೆಯವರೂ ಗೆದ್ದಲು ಎಂದರು. ಅಂದು ಅಕ್ಕ ಗೊಣಗಲಿಲ್ಲ.

"ಇವನ್ನೆಲ್ಲ ಚೌಕದಲ್ಲಿ ನಿಲ್ಲಿಸ್ತೀನಿ," ಎಂದಳು.

"ಹೆಸರು ಬರೀತೀಯಾ?"

"ಬೇಡ. ಹೆಸರು ಕಂಡ್ರೆ ಆ ಹೆಂಗಸರಿಗೆ ಮತ್ತೆ ಏಟು ಬೀಳುತ್ತೆ."

ಎಲ್ಲಕ್ಕೂ ಒಂದೇ ಹಸಿರು ಬಣ್ಣ ಬಳಿದೆವು. ಒದ್ದ ಗುರುತು ಮತ್ತು ಚಿಲಕ ಕಿತ್ತ ಜಾಗ ಮಾತ್ರ ಹಾಗೇ ಬಿಟ್ಟೆವು. ಬಾಗಿಲುಗಳು ಗೋಡೆಯಿಲ್ಲದೆ ಸಾಲಾಗಿ ನಿಂತವು. ಯಾವುದು ಯಾರ ಮನೆಯದೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಮೊದಲ ದಿನ ಮಕ್ಕಳು ಕಣ್ಣಾಮುಚ್ಚಾಲೆ ಆಡಿದರು. ಆಮೇಲೆ ದೊಡ್ಡವರು ನಿಂತು ನೋಡತೊಡಗಿದರು. ಚೌಕದಲ್ಲಿ ಹಣ್ಣು ಮಾರುವ ಅಜ್ಜಿ ಒಂದು ಬಿರುಕಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತಿದ್ದಳು.

ನನ್ನ ಗಂಡನಿಗೆ ತಡೆಯಲಾಗಲಿಲ್ಲ. ರಸ್ತೆಗೆ ಅಡ್ಡ ಎಂದು ಸಂಘದಿಂದ ಅರ್ಜಿ ಬರೆಸಿ, ತೆರವಿಗೆ ಅಪ್ಪಣೆ ಪಡೆದು, ಮಾರುಕಟ್ಟೆ ತುಂಬಿದ ಹೊತ್ತಿಗೆ ಲಾರಿ ತಂದ. ಊರಿಗೆ ಉಪಕಾರ ಮಾಡುವುದನ್ನು ನಾಲ್ಕು ಜನ ನೋಡಬೇಡವೇ?

"ಯಾವುದರಿಂದ ಶುರು ಮಾಡೋದು ಸಾರ್?" ಎಂದು ಕೂಲಿಯವರು ಕೇಳಿದರು.

"ಮೊದಲು ಇದನ್ನ ಕೀಳಿ," ಎಂದು ಅವನು ಮೂರು ಬಾಗಿಲು ದಾಟಿ ಬಂದು ನಾಲ್ಕನೆಯದನ್ನು ತಾನೇ ಹಿಡಿದು ಅಲುಗಾಡಿಸಿದ.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಎಲ್ಲಾ ಒಂದೇ ಬಣ್ಣ ಅಲ್ವಾ ಕಾರ್ಯದರ್ಶಿಗಳೇ. ಇದೇ ಯಾಕೆ ಮೊದಲು?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ," ಎಂದು ಹಣ್ಣಿನ ಅಜ್ಜಿ ಕಿಸಕ್ಕನೆ ನಕ್ಕಳು. ನಗು ಅಂಗಡಿಯಿಂದ ಅಂಗಡಿಗೆ ಹಬ್ಬಿತು. ಅವನು ಕೈ ಹಿಂದಕ್ಕೆಳೆದುಕೊಂಡ.

"ಇದಕ್ಕೆ... ಇದಕ್ಕೆ ಗೆದ್ದಲು ಹಿಡಿದಿದೆ, ಅದಕ್ಕೆ," ಎಂದ.

ನಾನು ಹೋಗಿ ಬಾಗಿಲಿಗೂ ಅವನಿಗೂ ನಡುವೆ ನಿಂತೆ.

"ಗೆದ್ದಲಲ್ಲ, ನೀನು. ಒಳಗೆ ಚಿಲಕ ಹಾಕ್ಕೊಂಡು ಕೂತಿದ್ದೋಳು ನಾನು. ನಮ್ಮಕ್ಕ ಗುಂಡುಕಲ್ಲಿನ ಹಾಗಿದ್ದಾಳೆ, ಅವಳಿಗೇನೂ ಆಗಿಲ್ಲ."

ಕೂಲಿಯವರು ಹಾರೆ ಕೆಳಗಿಟ್ಟರು. ನನಗೆ ಗುರುತಿಲ್ಲದ ಹೆಂಗಸೊಬ್ಬಳು ಮೆಲ್ಲಗೆ ಬಂದು ಎರಡನೆಯ ಬಾಗಿಲ ಬಳಿ ನಿಂತಳು. ಲಾರಿ ಖಾಲಿ ಹೋಯಿತು, ಅದರ ಹಿಂದೆ ಅವನೂ ಹೋದ.

ಸಂಜೆ ಅಕ್ಕ ಬಣ್ಣದ ಡಬ್ಬಿ, ಕುಂಚ ಹಿಡಿದು ಬಂದಳು. "ಹೇಗೂ ಊರಿಗೆಲ್ಲ ಗೊತ್ತಾಯ್ತು. ನಿನ್ನ ಬಾಗಿಲಿಗೆ ಈಗ ಹೆಸರು ಬರೀಲೇನೇ?"

"ಬರಿ," ಎಂದೆ. "ನನ್ನದಲ್ಲ. ಒದ್ದೋನದು."