ಪಾರ್ಲರಿನ ಅರಿಶಿನ ಕುಂಕುಮ

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಈಗ ಬೂಸಾ ಮೂಟೆಗಳಿವೆ. ಮೂಟೆಗಳ ಹಿಂದೆ ಗೋಡೆಗೆ ಬಡಿದ ಒಂದು ಉದ್ದನೆಯ ಕನ್ನಡಿ. ಕೀಳಲು ಹೋದರೆ ಒಡೆಯುತ್ತದೆ ಎಂದು ಹಾಗೇ ಬಿಟ್ಟಿದ್ದೇವೆ. ಆ ಕನ್ನಡಿಯ ಮುಂದೆ ಕೂರಿಸಿ ನಾನು ಎಷ್ಟೋ ಹೆಂಗಸರ ಹುಬ್ಬು ತೀಡಿದ್ದೇನೆ, ಮುಖ ತಿಕ್ಕಿದ್ದೇನೆ. ಆ ಕೋಣೆ ಹೇಗೆ ತುಂಬಿತು, ಹೇಗೆ ಖಾಲಿಯಾಯಿತು ಅನ್ನುವುದನ್ನು ಬರೆಯುತ್ತೇನೆ. ಬಾಯಿಬಿಟ್ಟು ಹೇಳುವ ಹಾಗಿಲ್ಲ.

ನಾವಿರುವುದು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ, ಮನೆಗಳು ಮುಗಿದು ಗದ್ದೆ ಶುರುವಾಗುವ ಕಡೆ. ಮನೆಯವರಿಗೆ ಪೇಟೆಯಲ್ಲಿ ಬೂಸಾ ಹಿಂಡಿ ಅಂಗಡಿ. ಮನೆಯಲ್ಲಿ ಅತ್ತೆ, ನಾವಿಬ್ಬರು, ಹೈಸ್ಕೂಲಿಗೆ ಹೋಗುವ ಮಗಳು. ಮಾವ ಊರಿನ ಗದ್ದೆ ಮನೆಯಲ್ಲೇ ಇರುತ್ತಾರೆ. ಮದುವೆಯಾಗಿ ಬಂದಾಗಿನಿಂದ ನಮ್ಮ ಬಾಗಿಲು ತಟ್ಟಿದವರೆಲ್ಲ ಅತ್ತೆಯನ್ನೋ ನಮ್ಮವರನ್ನೋ ಕೇಳಿಕೊಂಡು ಬಂದವರೇ. ನನ್ನನ್ನು ಕೇಳಿಕೊಂಡು ಒಬ್ಬರಾದರೂ ಬರಲಿ ಅನ್ನುವ ಆಸೆ ನನಗೆ ಯಾವಾಗ ಹುಟ್ಟಿತೋ ಗೊತ್ತಿಲ್ಲ. ಹುಟ್ಟಿದ ಮೇಲೆ ಬಿಡಲಿಲ್ಲ. ಮಂಡ್ಯಕ್ಕೆ ಬಸ್ಸಿನಲ್ಲಿ ಹೋಗಿ ಬಂದು ಬ್ಯೂಟಿಷಿಯನ್ ಕೋರ್ಸು ಕಲಿತೆ. ಕಲಿತು ಮುಗಿಸಿದ ದಿನ ಮನೆಯವರು ಊಟ ಮಾಡುತ್ತಾ ಹೇಳಿದರು:

"ಮುಂದ್ಲು ರೂಮು ತಕಾ. ನಡೆದ್ರೆ ನಡೀಲಿ. ನಡೀಲಿಲ್ವಾ, ನನ್ ಮೂಟೆ ಬತ್ತವೆ."

ಅಷ್ಟೇ ಒಪ್ಪಂದ. ನಾನು ಮುತ್ತತ್ತಿಗೆ ಹೋಗಿ ಹೊಳೆಯಲ್ಲಿ ಮಿಂದು, ಗಿರಾಕಿ ತುಂಬಿದರೆ ಬೆಣ್ಣೆ ಅಲಂಕಾರ ಮಾಡಿಸುತ್ತೇನಪ್ಪಾ ಎಂದು ಆಂಜನೇಯನಿಗೆ ಹರಕೆ ಕಟ್ಟಿಕೊಂಡು ಬಂದೆ. ಒಂದು ಕುರ್ಚಿ ಕೊಂಡೆ. ತಲೆ ಹಿಂದಕ್ಕೆ ಒರಗಿಸಬಹುದಾದ, ಏರಿಸಿ ಇಳಿಸಬಹುದಾದ ಕುರ್ಚಿ. ಅದನ್ನು ಒಳಗೆ ತಂದಾಗ ಅತ್ತೆ ಸುತ್ತ ಒಂದು ಸುತ್ತು ಬಂದು ನೋಡಿದರು.

"ಅಲ್ಲು ಕೀಳೋ ಡಾಕ್ಟ್ರು ತಾವು ಇಂತದೇ ಇತ್ತು ಕಣಮ್ಮಿ," ಅಂದರು.

ಅವರಿಗೆ ಈ ಕೆಲಸ ಇಷ್ಟವಿರಲಿಲ್ಲ. ದೇವರ ಮನೆ ಆ ಕೋಣೆಗೆ ಗೋಡೆಯಷ್ಟೇ ಅಂತರ. ಮಂಗಳವಾರ, ಶುಕ್ರವಾರ ಕೂದಲು ಕತ್ತರಿಸುವುದಿಲ್ಲ, ದೀಪ ಹಚ್ಚಿದ ಮೇಲೆ ಒಂದು ಎಳೆಯೂ ನೆಲಕ್ಕೆ ಬೀಳುವುದಿಲ್ಲ ಎಂದು ಮಾತು ಕೊಟ್ಟೆ. ಅದು ನನ್ನ ನಂಬಿಕೆಯೂ ಹೌದು.

ಗೇಟಿಗೆ ಬೋರ್ಡು ಹಾಕಿದೆ. ಪೇಪರ್ ಹಾಕುವವನಿಗೆ ಹೇಳಿ ಪೇಪರಿನೊಳಗೆ ಕರಪತ್ರ ಇಡಿಸಿದೆ. ಮಗಳು ದಿನಾ ವಾಟ್ಸಾಪ್ ಸ್ಟೇಟಸ್ಸಿಗೆ ಫೋಟೋ ಹಾಕಿದಳು. ಬಂದವರು ನೆರೆಹೊರೆಯವರು ಮಾತ್ರ, ಅದೂ ಪುಕ್ಕಟೆಗೆ. ಎದುರು ಮನೆಯವಳು ಬಂದು ಕುರ್ಚಿಯಲ್ಲಿ ಕೂತು ಕಾಲು ಚಾಚಿ, "ಒಂದೆಲ್ಡು ಎಳೆ ಎಳ್ದುಬುಡಕ್ಕ, ಅಣೇಲಿ ಜಾಸ್ತಿ ಆಗದೆ," ಅನ್ನುತ್ತಿದ್ದಳು. ದಾರಕ್ಕೆ, ಕ್ರೀಮಿಗೆ ಖರ್ಚಾಗುತ್ತದೆ ಕಣೆ ಅಂದರೆ, "ಅಯ್, ಮನೇಲೇ ಮಾಡ್ತಿದ್ದೀ, ನಿನಗೆಂತಾ ಖರ್ಚು? ದಾರ ಬೇಕಾದ್ರೆ ನಮ್ಮನೆಯಿಂದ ತತ್ತೀನಿ ತಕಾ," ಅಂದಳು. ತಂದಳೂ ಕೂಡ, ಹೂ ಕಟ್ಟುವ ದಾರ. ಹುಬ್ಬು ತೀಡಿಸಿಕೊಂಡು, ಕಾಫಿ ಕುಡಿದು ಹೋದಳು.

ಸಂಜೆ ದೀಪ ಹಚ್ಚಿದಾಗ ಆ ದಿನದ ಒಂದು ಒಳ್ಳೆಯದನ್ನು ದೇವರಿಗೆ ಹೇಳುವುದು ನನ್ನ ತಾಯಿ ಕಲಿಸಿದ ಅಭ್ಯಾಸ. ಕೇಳುವುದು ಆಮೇಲೆ, ಮೊದಲು ಕೊಟ್ಟದ್ದನ್ನು ಒಪ್ಪಿಕೋ ಅನ್ನುತ್ತಿದ್ದರು. ಆ ದಿನಗಳಲ್ಲಿ ಹಾಲು ಒಡೆಯಲಿಲ್ಲ, ನಲ್ಲಿಯಲ್ಲಿ ನೀರು ಬಂತು, ಬೋರ್ಡು ಗಾಳಿಗೆ ಬೀಳಲಿಲ್ಲ ಎಂದೆಲ್ಲ ಹೇಳಿದ್ದೇನೆ.

ಗಿರಾಕಿಗಳನ್ನು ಕರೆತಂದದ್ದು ಬೋರ್ಡಲ್ಲ, ಅತ್ತೆ. ಅದನ್ನು ಅವರೂ ಎಣಿಸಿರಲಿಲ್ಲ. ನಮ್ಮ ಮನೆಗೆ ಬಂದ ಯಾವ ಹೆಣ್ಣುಮಗಳೂ ಹಣೆಗೆ ಕುಂಕುಮ ಇಡಿಸಿಕೊಳ್ಳದೆ ಹೊಸ್ತಿಲು ದಾಟಬಾರದು ಅನ್ನುವುದು ಅವರ ವ್ರತ. ಬೇಡವೆಂದಿದ್ದ ಕೆಲಸಕ್ಕೇ ಬಂದವರಾದರೂ ಸರಿ, ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಕೆನ್ನೆಗೆ ಚಿಟಿಕೆ ಅರಿಶಿನ, ಹಣೆಗೆ ಕುಂಕುಮ, ಇದ್ದರೆ ಒಂದು ತುಂಡು ಹೂವು. ಈ ಸುದ್ದಿ ಹರಡಿತು. ಸೊಸೆಯಂದಿರನ್ನು ಪಾರ್ಲರಿಗೆ ಕಳಿಸದ ಅತ್ತೆಯರು ನಮ್ಮ ಮನೆಗೆ ಕಳಿಸತೊಡಗಿದರು. "ಅದು ಪಾರ್ಲರಲ್ಲ ಕಣವ್ವ, ಮನೆ. ಅರಿಸ್ನ ಕುಂಕ್ಮ ಕೊಟ್ಟು ಕಳುಸ್ತಾರೆ," ಎಂದು ಒಬ್ಬ ಮುದುಕಿ ತನ್ನ ಸೊಸೆಯನ್ನು ತಾನೇ ಕರೆದುಕೊಂಡು ಬಂದಳು. ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು ಭಾನುವಾರ ಬೆಳಿಗ್ಗೆ ಬರತೊಡಗಿದರು. ಒಬ್ಬಳಂತೂ, "ಅಜ್ಜಿ, ಇನ್ನೂ ಒಸಿ ದೊಡ್ಡದಾಗಿ ಇಕ್ಕಿ, ಗಂಡ ಬೇಗ ಸಿಗ್ಲಿ," ಎಂದು ಹಣೆ ಮುಂದೆ ಮಾಡುತ್ತಿದ್ದಳು. ಅತ್ತೆ ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ಅಷ್ಟು ಸಲ ನೋಡಿದ್ದು ಆಗಲೇ.

ಗೇಟಿನಲ್ಲಿ ನಿಂತು "ಅಕ್ಕ ಮನೇಲವ್ರಾ?" ಎಂದು ಕೇಳುವ ದನಿಗಳು ಬಂದವು. ಅಕ್ಕ ಅಂದರೆ ನಾನು. ಅತ್ತೆ ಒಳಗಿನಿಂದ, "ಒಳಗವ್ಳೆ ಬನ್ನಿ," ಅನ್ನುತ್ತಿದ್ದರು.

ಆಮೇಲೆ ಪಕ್ಕದ ಬೀದಿಯ ಮದುಮಗಳು ಬಂದಳು. ವಿ.ಸಿ. ಫಾರಂನ ಕೃಷಿ ಕಾಲೇಜಿನಲ್ಲಿ ಓದಿದ ಹುಡುಗಿ, ನಯವಾದ ಮಾತು. ಭಾನುವಾರ ಮಂಡ್ಯದ ಛತ್ರದಲ್ಲಿ ಆರತಕ್ಷತೆ, ಸೋಮವಾರ ಮುಹೂರ್ತ. ಶುಕ್ರವಾರ ಬ್ಲೀಚ್, ಫೇಶಿಯಲ್. ಭಾನುವಾರ ಛತ್ರಕ್ಕೇ ಹೋಗಿ ನಾನು ಅಲಂಕಾರ ಮಾಡಬೇಕು. ಒಂದು ಮದುವೆ ಚೆನ್ನಾಗಿ ಮಾಡಿದರೆ ಎರಡೂ ಕಡೆಯ ನೆಂಟರ ಕಣ್ಣಿಗೆ ಬೀಳುತ್ತೇವೆ, ಆಮೇಲೆ ಕರಪತ್ರ ಬೇಕಿಲ್ಲ ಎಂದು ಮಂಡ್ಯದಲ್ಲಿ ಕಲಿಸಿದ ಮೇಡಂ ಹೇಳುತ್ತಿದ್ದರು. ಬೆಣ್ಣೆ ಅಲಂಕಾರಕ್ಕೆ ಯಾವ ಶನಿವಾರ ಹೋಗುವುದು ಎಂದು ಆಗಲೇ ಯೋಚಿಸಿದ್ದೆ.

ಶುಕ್ರವಾರ ಮನಸ್ಸಿಟ್ಟು ಕೆಲಸ ಮಾಡಿದೆ. ಬ್ಲೀಚ್ ಕ್ರೀಮನ್ನು ಮೊದಲು ಮೊಣಕೈಗೆ ಹಚ್ಚಿ ಪರೀಕ್ಷೆ ಮಾಡಿದೆ. ಮುಖ ಸುಲಿದ ಬಾಳೆಹಣ್ಣಿನಂತೆ ಆಯಿತು. ನಾಳೆಯವರೆಗೆ ಸೋಪು, ಪೌಡರು, ಬಿಸಿಲು ಏನೂ ಬೇಡ ಎಂದು ಹೇಳಿದೆ. ಹುಡುಗಿ ಕನ್ನಡಿ ನೋಡಿಕೊಂಡು, "ಥ್ಯಾಂಕ್ಸ್ ಅಕ್ಕ," ಅಂದಳು. ನಾನು ಟವೆಲು ಮಡಿಸುತ್ತಿದ್ದೆ. ಅವಳು ಬಾಗಿಲಿಗೆ ಹೋದಳು.

ಬಾಗಿಲಲ್ಲಿ ಅತ್ತೆ. ಆ ದಿನ ತಟ್ಟೆಯಲ್ಲಿ ಪುಡಿಯಲ್ಲ, ನೀರಿನಲ್ಲಿ ಕಲಸಿದ ಅರಿಶಿನ.

"ಮದ್ಲಗಿತ್ತಿ ಅಂದ್ರೆ ಗೌರಮ್ಮ ಇದ್ದಂಗೆ. ಬಾ ತಾಯಿ, ಸುಕ್ರವಾರ ಬೇರೆ."

ಎರಡೂ ಕೆನ್ನೆಗೆ, ಗಲ್ಲಕ್ಕೆ, ಕತ್ತಿಗೆ ತುಂಬ ಹಚ್ಚಿದರು. ಹಣೆಗೆ ಅಗಲವಾಗಿ ಕುಂಕುಮ. ಹುಡುಗಿ ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದಳು. ನಾನು ಟವೆಲು ಹಿಡಿದು ನೋಡುತ್ತಾ ನಿಂತಿದ್ದೆ. ಶುಕ್ರವಾರ, ಮದುಮಗಳು, ಅರಿಶಿನ ಕುಂಕುಮ. ಬೇಡ ಅನ್ನುವ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬರುವಂಥದ್ದಲ್ಲ. ಎಷ್ಟೋ ಜನಕ್ಕೆ ಹಚ್ಚಿದ್ದರು, ಯಾರಿಗೂ ಏನೂ ಆಗಿರಲಿಲ್ಲ. ಅವರೆಲ್ಲ ಹುಬ್ಬಿಗೋ ಫೇಶಿಯಲ್ಲಿಗೋ ಬಂದವರು, ಬ್ಲೀಚಿಗಲ್ಲ; ಹಚ್ಚಿದ್ದು ಚಿಟಿಕೆ ಪುಡಿ.

ಶನಿವಾರ ಬೆಳಿಗ್ಗೆ ಹುಡುಗಿಯ ತಾಯಿ ಬಂದರು. ಗೇಟು ತೆಗೆದವರು ಒಳಗೆ ಬರಲಿಲ್ಲ.

"ಏನಾಕ್ದವ್ವ ನನ್ ಮಗಳ ಮಕಕ್ಕೆ? ರಾತ್ರಿಯೆಲ್ಲ ಉರಿ ಉರಿ ಅಂತ ಐಸ್ ಇಟ್ಕೊಂಡು ಕೂತವ್ಳೆ. ಕೆನ್ನೆ ಎಲ್ಲ ದದ್ದು."

"ಕ್ರೀಮು ಹಳೇದಲ್ಲ ಕಣಮ್ಮ, ಹೊಸ ಡಬ್ಬಿ. ಪರೀಕ್ಷೆ ಮಾಡೇ ಹಚ್ಚಿದ್ದು," ಅಂದೆ.

"ಮತ್ತೆ ಇನ್ನೇನ್ರಿಂದ ಆಯ್ತು ಅಂತೀಯ? ನೀನೇ ಯೋಳು."

ಅತ್ತೆ ನನ್ನ ಹಿಂದೆ ನಿಂತಿದ್ದರು. ಬೆರಳ ತುದಿಯಲ್ಲಿ ಇನ್ನೂ ಹಿಂದಿನ ದಿನದ ಹಳದಿ ಇತ್ತು. ನಾನು ನೆಲ ನೋಡಿದೆ.

"ಭಾನ್ವಾರ ನೀನು ಬರಬ್ಯಾಡ. ಮಂಡ್ಯದೋರ್ಗೆ ಯೋಳಿದ್ದೀವಿ," ಎಂದು ಅವರು ಹೊರಟರು. ಅತ್ತೆ ಅಭ್ಯಾಸಬಲದಿಂದ ತಟ್ಟೆ ತರಲು ಒಳಗೆ ತಿರುಗಿದರು. ಅಷ್ಟರಲ್ಲಿ ಗೇಟು ಹಾಕಿಕೊಂಡಿತ್ತು.

ಮೇಡಂಗೆ ಫೋನ್ ಮಾಡಿದೆ. ಅದರ ಮೇಲೆ ಏನಾದರೂ ಹಚ್ಚಿದ್ದರಾ ಅನ್ನುವುದೇ ಅವರು ಕೇಳಿದ ಮೊದಲ ಮಾತು. ಅರಿಶಿನ ಅಂದೆ. "ಬ್ಲೀಚ್ ಮಾಡಿದ ಚರ್ಮಕ್ಕೆ ಅರಿಶಿನ ಉಜ್ಜಿದ್ರೆ ಉರೀದೆ ತಂಪಾಗ್ತದಾ? ಅವರಿಗೆ ಹೇಳ್ಬಿಡಿ, ನಿಮ್ಮ ತಪ್ಪಿಲ್ಲ ಅಂತ," ಅಂದರು.

ಹೇಳಿಬಿಡಿ. ಯಾರಿಗೆ, ಏನೆಂದು? ನಮ್ಮ ದೇವರ ಮನೆಯ ಅರಿಶಿನ ಹಚ್ಚಿದ್ದಕ್ಕೆ ಮದುಮಗಳ ಮುಖ ಸುಟ್ಟಿತು ಎಂದು ಬೀದಿಯಲ್ಲಿ ಹೇಳಲೇ? ಹೇಳಿದರೆ ನಂಬುವುದಿಲ್ಲ. ನಂಬಿದರೆ ಇನ್ನೂ ಕೆಟ್ಟದ್ದು. ಅತ್ತೆ ಕೊಟ್ಟ ಕುಂಕುಮ ಅಪಶಕುನ ಅನ್ನುತ್ತಾರೆ. ನಾಲ್ಕು ಮದುವೆ ಮನೆಗಳಿಗೆ ಮೊದಲು ಕರೆಯುವ ಮುತ್ತೈದೆ ಅವರು, ಮಾವ ಈಗಲೂ ಊರಿನ ಗದ್ದೆ ಮನೆಯಲ್ಲಿ ಗಟ್ಟಿಯಾಗಿದ್ದಾರೆ. ಆ ಗೌರವ ತೆಗೆದು ನನ್ನ ಕುರ್ಚಿ ಉಳಿಸಿಕೊಳ್ಳಬೇಕಿತ್ತು. ನನ್ನಿಂದ ಆಗಲಿಲ್ಲ. ಒಳ್ಳೆಯತನದಿಂದ ಅಲ್ಲ. ಅರಿಶಿನದಿಂದ ಕೆಟ್ಟದ್ದಾಯಿತು ಅನ್ನುವ ಮಾತನ್ನು ಬಾಯಿಂದ ಆಡಲು ನನಗೇ ಹೆದರಿಕೆ.

ಮನೆಯೊಳಗೂ ಆ ಮಾತು ಬರಲಿಲ್ಲ. ಒಂದೇ ಸಲ ಅತ್ತೆ ರಾಗಿ ಕೇರುತ್ತಾ, ಯಾರ ಮುಖವನ್ನೂ ನೋಡದೆ, "ಅರಿಸ್ನದಿಂದ ಯಾರ್ಗಾದ್ರೂ ಕೆಟ್ಟದ್ದಾದದ್ದು ಉಂಟಾ?" ಅಂದರು. ನಾನು ಇಲ್ಲ ಅಂದೆ. ಅವರು ಮತ್ತೆ ಕೇರತೊಡಗಿದರು.

ಗಿರಾಕಿಗಳು ಬರುವುದು ಒಂದೇ ದಿನಕ್ಕೆ ನಿಲ್ಲಲಿಲ್ಲ. ಸೊಸೆಯನ್ನು ಕರೆತಂದಿದ್ದ ಮುದುಕಿ ನಮ್ಮ ಗೇಟಿನ ಮುಂದೆ ಬೇಗ ಬೇಗ ನಡೆಯತೊಡಗಿದಳು. ಭಾನುವಾರದ ಹುಡುಗಿಯರು ಕಡಿಮೆಯಾದರು, ಆಮೇಲೆ ಮಂಡ್ಯದ ಬಸ್ಸು ಹತ್ತಿದರು. ಅರ್ಧ ದರ ಎಂದು ಸ್ಟೇಟಸ್ ಹಾಕಿಸಿದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಮೆಹಂದಿ ಪುಕ್ಕಟೆ ಅಂದೆ. ಒಂದು ದಿನ ಎದುರು ಮನೆಯವಳನ್ನು ನಾನೇ ಕರೆದೆ: "ಬಾರೆ, ಹುಬ್ಬು ತೀಡ್ತೀನಿ. ದುಡ್ಡೇನೂ ಬೇಡ."

"ಬುಡಕ್ಕ," ಅಂದಳು ಬಟ್ಟೆ ಒಣಹಾಕುತ್ತಾ. "ಇದ್ದಂಗೇ ಇರ್ಲಿ. ನಮ್ಮೆಜಮಾನ್ರು ಉಬ್ಬು ನೋಡ್ಕಂಡಾ ಕಟ್ಕಂಡಿರೋದು?"

ತಾನೇ ನಕ್ಕಳು. ಪುಕ್ಕಟೆಗೂ ಬೇಡವಾದೆ ಅನ್ನುವುದು ಆಗ ತಿಳಿಯಿತು. ಒಳಗೆ ಬಂದು ಆ ಕುರ್ಚಿಯಲ್ಲಿ ನಾನೇ ಕೂತೆ. ಕನ್ನಡಿಯಲ್ಲಿ ನನ್ನ ಹಿಂದೆ ಬಾಗಿಲು ಕಾಣುತ್ತಿತ್ತು. ಬಾಗಿಲಲ್ಲಿ ಅತ್ತೆ ಶುಕ್ರವಾರದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀದಿ ನೋಡುತ್ತಿದ್ದರು. ಸೊಪ್ಪು ಮಾರುವವಳು ಬಂದಾಗ ಅವಳನ್ನು ಕರೆದು ಹಣೆಗೆ ಇಟ್ಟರು. ಕೆನ್ನೆಗೆ ಹಚ್ಚಲು ಕೈ ಎತ್ತಿ, ಸ್ವಲ್ಪ ತಡೆದು, ಹಚ್ಚಿದರು.

ಮನೆಯವರು ಬಹಳ ದಿನ ಏನೂ ಅನ್ನಲಿಲ್ಲ. ಅದೂ ಒಂದು ಒಳ್ಳೆಯದೇ, ದೀಪದ ಮುಂದೆ ಹೇಳಿದ್ದೇನೆ. ಅಂಗಡಿಯ ಹಿಂದಿನ ಗೋದಾಮು ಸೋರಲು ಶುರುವಾದಾಗ ಮೂಟೆ ನೆನೆದವು. ಅವರು ಬಂದು ಮುಂದಿನ ಕೋಣೆಯ ಬಾಗಿಲಲ್ಲಿ ನಿಂತು ಕುರ್ಚಿಯನ್ನು ನೋಡಿದರು. ನಾನೇ ಅಂದೆ: "ತಂದು ಹಾಕಿ."

ಕೋರ್ಸಿನಲ್ಲಿ ಜೊತೆಗಿದ್ದ ಮಳವಳ್ಳಿಯವಳು ಮನೆಯಲ್ಲೇ ಪಾರ್ಲರ್ ಶುರುಮಾಡುತ್ತೇನೆ ಅನ್ನುತ್ತಿದ್ದಳು. ಕುರ್ಚಿ ಕೊಡುತ್ತೇನೆ ಎಂದು ಅವಳಿಗೆ ಫೋನ್ ಮಾಡಿದೆ. ಲಗೇಜ್ ಆಟೋ ತೆಗೆದುಕೊಂಡು ಬಂದಳು. ಕುರ್ಚಿಯನ್ನು ಏರಿಸಿ ಇಳಿಸಿ ನೋಡಿ ಅವಳ ಮುಖ ಅರಳಿತು.

"ಇಷ್ಟು ಚೆನ್ನಾಗಿ ಮಡಿಕಂಡಿದ್ದೀ. ಯಾಕೆ ಬುಟ್ಟೆ?"

"ಗಿರಾಕಿ ಬರ್ಲಿಲ್ಲ," ಅಂದೆ.

"ಮನೇಲಿ ಮಾಡುದ್ರೆ ಎಂಗೆ ಕರ್ಸಕಬೇಕು ಅಂತ ನಂಗೂ ಅದೇ ಯೋಚ್ನೆ ಕಣೆ. ಏನಾದ್ರೂ ಯೋಳ್ಕೊಡು."

ನನ್ನ ಹತ್ತಿರ ಹೇಳಿಕೊಡಲು ಇದ್ದದ್ದು ಒಂದೇ, ಅದನ್ನು ಹೇಳುವ ಹಾಗಿರಲಿಲ್ಲ. ಆಟೋದವನೂ ಮನೆಯವರೂ ಕುರ್ಚಿ ಎತ್ತಿ ಹೊರಗೆ ಒಯ್ದರು. ಅವಳು ಚಪ್ಪಲಿ ಮೆಟ್ಟಲು ಹೊರಟಾಗ ಅತ್ತೆ, "ತಡಿ ಕೂಸೇ," ಎಂದು ದೇವರ ಮನೆಗೆ ಹೋದರು.

ಅವರ ಕೈಯಲ್ಲಿ ತಟ್ಟೆ ಇರಲಿಲ್ಲ. ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ಕಟ್ಟಿದ ಎರಡು ಪುಟ್ಟ ಪೊಟ್ಟಣ ಇದ್ದವು. ಒಂದರಲ್ಲಿ ಅರಿಶಿನ, ಒಂದರಲ್ಲಿ ಕುಂಕುಮ. ಅವಳ ಕೈಗಿಟ್ಟು ಬೆರಳು ಮಡಿಸಿದರು.

"ನಿನ್ ತಾವಿಕೆ ಬರೋ ಎಣ್ಮಕ್ಳಿಗೂ ಇಂಗೇ ಕೈಗೆ ಕೊಡವ್ವ. ಬಂದಾರು. ಕೆನ್ನೆಗೆ ಅಚ್ಚಕ್ಕೆ ಮಾತ್ರ ಓಗಬ್ಯಾಡ," ಅಂದರು. ಅವಳು ಆಗಲಿ ಅಜ್ಜಿ ಎಂದು ಪೊಟ್ಟಣಗಳನ್ನು ಕಣ್ಣಿಗೊತ್ತಿಕೊಂಡು ಆಟೋ ಹತ್ತಿದಳು.

ಅತ್ತೆ ನನ್ನ ಕಡೆ ನೋಡಲಿಲ್ಲ. ಪೊರಕೆ ತೆಗೆದುಕೊಂಡು ಕುರ್ಚಿ ಇದ್ದ ಜಾಗವನ್ನು ಗುಡಿಸತೊಡಗಿದರು. ಮೊಣಕಾಲು ನೋವಿನವರು, ವರ್ಷಗಳಿಂದ ಗುಡಿಸುವುದು ನನ್ನ ಕೆಲಸ. ಕೊಡಿ ಅತ್ತೆ ಅಂದೆ. ಕೊಡಲಿಲ್ಲ. ಮೂಲೆಯಿಂದ ಒಂದಿಷ್ಟು ಹಳೆಯ ಕೂದಲು ಬಂತು, ಸೆರಗಿನ ತುದಿಯಲ್ಲಿ ತೆಗೆದುಕೊಂಡು ಹಿತ್ತಿಲಿಗೆ ಹೋದರು.

ಸಂಜೆ ದೀಪ ಹಚ್ಚಿ ಕೂತೆ. ಆ ದಿನದ ಒಳ್ಳೆಯದು ಯಾವುದೆಂದು ಹುಡುಕಿದೆ. ಎಣ್ಣೆ ಇಳಿಯುತ್ತಾ ಬಂತು, ಸಿಗಲಿಲ್ಲ. ಅತ್ತೆ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಕೊನೆಗೆ, ಕುರ್ಚಿ ಸಾಗಿಸುವಾಗ ಬಾಗಿಲಿಗೆ ತಾಗಿ ಬಣ್ಣ ಹೋಗಲಿಲ್ಲ ತಂದೆ ಎಂದು ಹೇಳಿ ಎದ್ದೆ.