ಉಜ್ಜಿ ಹೋದ ಗೆರೆ

ವಸುಧಾ, ನಾನೂ ಅದನ್ನು ನೋಡಿದ್ದೆ. ನೋಡಿಲ್ಲವೆಂದು ಎಲ್ಲರೆದುರು ಹೇಳಿದ್ದು ಸುಳ್ಳು.

ಇಷ್ಟು ಮಾತ್ರ ಖಚಿತ. ಉಳಿದದ್ದು ನೆನಪಿನಿಂದ ಬರೆಯುತ್ತಿರುವುದು. ನನ್ನ ನೆನಪು ನನ್ನ ಪರವಾಗಿಯೇ ಮಾತಾಡುವ ಸಾಕ್ಷಿ — ಎಚ್ಚರದಿಂದ ಓದಿ.

ಆಗ ಲ್ಯಾಬಿನಲ್ಲಿ ನಾನು ಹಿರಿಯ ಲೋಹತಜ್ಞ, ನೀವು ಕೆಲಸಕ್ಕೆ ಹೊಸಬರು. ವಿಮಾನದ ಚಕ್ರದ ಕಾಲಿಗೆ ಹೋಗುವ ಉಕ್ಕಿನ ಪಿನ್ನುಗಳ ಒಂದು ಲಾಟ್ ಪರೀಕ್ಷೆಗೆ ಬಂದಿತ್ತು. ಆ ಲಾಟಿನಿಂದ ಒಂದನ್ನು ಕತ್ತರಿಸಿ, ಕನ್ನಡಿಯಂತೆ ಪಾಲಿಶ್ ಮಾಡಿ, ನೀವು ಮೈಕ್ರೋಸ್ಕೋಪಿನಡಿ ಇಟ್ಟಿದ್ದಿರಿ. ಅಂಚಿನಲ್ಲೊಂದು ಕಪ್ಪು ಗೆರೆ, ಕೂದಲಿಗಿಂತ ಸಣ್ಣದು. "ಬಿರುಕು ಸಾರ್," ಎಂದಿರಿ. ನಾನು ಬಗ್ಗಿ ನೋಡಿದೆ. ಬಹಳ ಹೊತ್ತು ನೋಡಿದೆ — ಅಥವಾ ಈಗ ಹಾಗನ್ನಿಸುತ್ತಿದೆಯೋ.

ಗೀರಾದರೆ ಮತ್ತೆ ಉಜ್ಜಿದಾಗ ಹೋಗುತ್ತದೆ, ಬಿರುಕಾದರೆ ಉಳಿಯುತ್ತದೆ: ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದ ಪಾಠ. ಆಳವಿಲ್ಲದ ಬಿರುಕೂ ಹೋಗಿಬಿಡಬಹುದು, ಅದಕ್ಕೇ ಮೊದಲು ಫೋಟೊ ತೆಗೆಯಬೇಕು — ಅದನ್ನೂ ನಾನೇ ಹೇಳಿಕೊಟ್ಟಿದ್ದೆ. ಆ ದಿನ ತೆಗೆಯಲಿಲ್ಲ. ಸಂಜೆಗೆ ಲಾಟ್ ಹೊರಡಬೇಕಿತ್ತು. ಮರೆತೆನೋ, ಬೇಡವೆನ್ನಿಸಿತೋ... ನೀವು ಫೋಟೊ ಎನ್ನುವಷ್ಟರಲ್ಲಿ ತುಂಡು ನನ್ನ ಕೈಯಲ್ಲಿ, ತಿರುಗುವ ಪಾಲಿಶ್ ಚಕ್ರದ ಮೇಲಿತ್ತು. ತೊಳೆದು ನೋಡಿದರೆ ಗೆರೆಯಿಲ್ಲ.

ಲಾಟ್ ಕಳಿಸುವ ಮುಂಚಿನ ಮೀಟಿಂಗಿನಲ್ಲಿ ನೀವು, ಬಿರುಕಿತ್ತು, ಇವರೂ ನೋಡಿದ್ದಾರೆ ಎಂದಿರಿ. ಎಲ್ಲರೂ ನನ್ನತ್ತ ತಿರುಗಿದರು.

"ನನಗೇನೂ ಕಾಣ್ಲಿಲ್ಲಪ್ಪ. ಪಾಪ, ಇವರ ಕಣ್ಣು ದಣಿದಿರ್ಬೇಕು," ಎಂದೆ.

ಲಾಟ್ ಹೋಯಿತು. ಕೆಟ್ಟ ಸುದ್ದಿಯೇನೂ ಬರಲಿಲ್ಲ. ಬರಲಿಲ್ಲವೆಂದರೆ ಅದು ಬರೀ ಗೀರು ಎಂದರ್ಥವೇ? ತಿಳಿಯದು. ಕ್ಯಾಂಟೀನಿನಲ್ಲಿ ಮಾತ್ರ, "ಮೇಡಂ, ಈ ಇಡ್ಲೀಲಿ ಬಿರುಕಿದ್ಯಾ ನೋಡಿ" ಶುರುವಾಯಿತು. ನಾನೂ ನಕ್ಕೆ. ನಿಮ್ಮನ್ನು ಲ್ಯಾಬಿನಿಂದ ತೆಗೆದು ಕಾಗದಪತ್ರದ ಕೆಲಸಕ್ಕೆ ಹಾಕಿದರು. ಆಮೇಲೆ ಅದನ್ನೂ ಬಿಟ್ಟು ಹೋದಿರಿ.

ಮೊನ್ನೆ ಜಯನಗರದ ತರಕಾರಿ ಅಂಗಡಿಯಲ್ಲಿ ಸಿಕ್ಕಿದಿರಿ. ಮನೆ ಈಗ ಹೊಸಕೆರೆಹಳ್ಳಿಯಲ್ಲಿ ಎಂದಿರಿ. ಬದನೆಕಾಯೊಂದನ್ನು ತಿರುಗಿಸಿ ತಿರುಗಿಸಿ ನೋಡಿ, ನನ್ನತ್ತ ಚಾಚಿದಿರಿ.

"ಹುಳದ ತೂತಾ ಇದು? ನೀವೇ ಹೇಳಿ ಸಾರ್. ನನ್ನ ಕಣ್ಣನ್ನ ನಾನು ನಂಬೋದು ಬಿಟ್ಟು ಎಷ್ಟು ಕಾಲ ಆಯ್ತೋ."

ನಗುತ್ತಲೇ ಹೇಳಿದಿರಿ. ಹೌದು, ತೂತೇ ಎಂದೆ. ಬದನೆಕಾಯಿಗಾದರೆ ಎಷ್ಟು ಸುಲಭವಾಗಿ ಬಂತು ಮಾತು.

ಅದು ಬಿರುಕೇ ಎಂದು ಈಗಲೂ ಹೇಳಲಾರೆ. ತಿಳಿಯುವ ದಾರಿಯನ್ನೇ ಉಜ್ಜಿಹಾಕಿದವನು ನಾನು. ಆದರೆ ಗೆರೆ ಇತ್ತು. ನಿಮ್ಮ ಕಣ್ಣು ಸರಿಯಾಗಿಯೇ ಇತ್ತು. ಆ ಮೀಟಿಂಗಿನಲ್ಲಿದ್ದ ಕೆಲವರು ಇನ್ನೂ ಅಲ್ಲೇ ಇದ್ದಾರೆ, ನಾನೂ ಇದ್ದೇನೆ. ಈ ಪತ್ರವನ್ನು ನಿಮ್ಮ ಕೈಗೆ ಕೊಟ್ಟ ಮೇಲೆ ಅವರೆದುರೂ ಇಷ್ಟನ್ನೇ ಹೇಳುತ್ತೇನೆ — ನಾನೂ ನೋಡಿದ್ದೆ.