ಎಣ್ಣೆ ತಿಕ್ಕುವವಳ ಹೆಗಲು

ಕರ್ಕಿಡಕ ಊರಿಗೆಲ್ಲ ಬರುತ್ತಿತ್ತು, ಅಮ್ಮಿಣಿಗೊಬ್ಬಳಿಗೆ ಬರುತ್ತಿರಲಿಲ್ಲ. ಆಕಾಶ ತೂತಾದಂತೆ ಮಳೆ ಹೊಯ್ಯುವ ಆ ತಿಂಗಳಲ್ಲಿ ಪಟ್ಟಾಂಬಿಯ ಆಚೀಚೆಯವರೆಲ್ಲ ಮೈಗೆ ಬಿಸಿ ಎಣ್ಣೆ ತಿಕ್ಕಿಸಿಕೊಂಡು, ಞವರ ಅಕ್ಕಿಯ ಮದ್ದಿನ ಗಂಜಿ ಕುಡಿದು, ಮೀನು ಬಿಟ್ಟು ಪಥ್ಯ ಹಿಡಿದು, ಏಳು ದಿನ ಮಹಾರಾಜರ ಹಾಗೆ ಬೆಚ್ಚಗೆ ಕೂರುತ್ತಾರೆ. ಅವರ ಹೆಂಗಸರಿಗೆಲ್ಲ ಎಣ್ಣೆ ತಿಕ್ಕುವವಳು ಅಮ್ಮಿಣಿ. ಗಂಜಿಗೆ ಬೇಕಾದ ಸೊಪ್ಪನ್ನು ಬೇಲಿಬದಿಯಲ್ಲಿ ನೆನೆದು ತೊಪ್ಪೆಯಾಗಿ ಕಿತ್ತು ತರುವವಳೂ ಅವಳೇ. ಸ್ನಾನದ ನೀರಿಗೆ ಹುಣಿಸೆ ಸೊಪ್ಪು, ಲಕ್ಕಿ ಸೊಪ್ಪು ಕುದಿಸಿ ಹೊಗೆಗೆ ಕಣ್ಣು ಕೆಂಪು ಮಾಡಿಕೊಳ್ಳುವವಳೂ ಅವಳೇ. ಒಂದಲ್ಲ ಎರಡಲ್ಲ, ಮೂವತ್ತೊಂದು ವರ್ಷ.

“ನಿಂದೇನು, ಚಿಂಗದಲ್ಲಿ ಮಾಡ್ಕೊಂಡ್ರಾಯ್ತು ಬಿಡು” ಎಂದು ಪ್ರತಿ ಮನೆಯಲ್ಲೂ ಹೇಳುವವರೇ. ಚಿಂಗದಲ್ಲಂತೆ! ಮಳೆ ಕಳೆದು ಮುಂದಿನ ತಿಂಗಳ ಬಿಸಿಲು ಬಿದ್ದ ಮೇಲೆ ಯಾವ ಚಿಕಿತ್ಸೆ? ಮೈ ಮೆತ್ತಗಾಗಿ ಮದ್ದನ್ನು ಒಳಕ್ಕೆ ಬಿಟ್ಟುಕೊಳ್ಳುವುದು ಕರ್ಕಿಡಕದಲ್ಲಿ ಮಾತ್ರ ಎನ್ನುವುದು ಅಲ್ಲಿ ಕೂಸುಗಳಿಗೂ ಗೊತ್ತು. ಹಾಗೆ ಹೇಳುವವರಿಗೂ ಗೊತ್ತು. ಗೊತ್ತಿದ್ದೂ ಹೇಳುತ್ತಾರಲ್ಲ ಎಂದೇ ಅಮ್ಮಿಣಿಯ ಹೊಟ್ಟೆ ಉರಿಯುತ್ತಿತ್ತು.

ಈ ಸಲ ಬಲಗೈ ಕೈಕೊಟ್ಟಿತು. ಮಿಥುನ ಮಾಸದ ಮೊದಲ ಮಳೆಗೆ ಹೆಗಲಲ್ಲಿ ಕಚ್ಚಿಕೊಂಡ ನೋವು ಇಳಿಯಲೇ ಇಲ್ಲ. ತಲೆ ಬಾಚಲು ಕೈ ಮೇಲೇಳುತ್ತಿರಲಿಲ್ಲ. ಬಿಸಿನೀರಿನ ಚೆಂಬು ಎತ್ತಿದರೆ ಪ್ರಾಣ ಹೋದಂತಾಗುತ್ತಿತ್ತು. ವೈದ್ಯರು ಕೈ ತಿರುಗಿಸಿ ನೋಡಿ, “ಈ ಕರ್ಕಿಡಕ ಬಿಟ್ಯೋ, ಮುಂದಿನ ವರ್ಷ ಈ ಕೈ ಏಳಲ್ಲ ನೋಡು. ಬೇರೆ ಕೆಲಸ ಹುಡುಕ್ಕೋ” ಎಂದುಬಿಟ್ಟರು. ಅರುವತ್ತರ ಹತ್ತಿರ ಬಂದವಳಿಗೆ ಯಾರು ಬೇರೆ ಕೆಲಸ ಇಟ್ಟುಕೊಂಡು ಕೂತಿದ್ದಾರೆ? ಈ ಕೈ ಬಿಟ್ಟರೆ ಅಮ್ಮಿಣಿಗೆ ಇನ್ನೇನೂ ಇಲ್ಲ.

ಸರಿ, ತಿಂಗಳ ಮೊದಲ ಏಳು ದಿನ ನನ್ನವು, ಯಾರೂ ಕರೆಯಬೇಡಿ ಎಂದು ಅವಳು ಮನೆ ಮನೆಗೆ ಹೋಗಿ ಸಾರಿದಳು. ಚಹಾದಂಗಡಿಯ ಕುಂಞಾಪ್ಪುಗೆ ನಗು ತಡೆಯಲಾಗಲಿಲ್ಲ.

“ಏನು ಅಮ್ಮಿಣಿ ಚೇಚಿ, ದೇವಸ್ಥಾನದ ಆನೆಗೂ ನಿಮಗೂ ಒಟ್ಟಿಗೇ ಸುಖಚಿಕಿತ್ಸೆಯಂತೆ?”

“ಹೌದಪ್ಪಾ, ಆನೆಗಾದ್ರೂ ವರ್ಷಕ್ಕೊಂದ್ಸಲ ಕೇಳೋರಿದ್ದಾರೆ. ನಿನ್ನ ಹೆಂಡ್ತಿ ಮೂರು ಹೆತ್ತಾಗ್ಲೂ ತಿಕ್ಕಿದ್ದು ಇದೇ ಕೈಯಿ. ಹಲ್ಲು ಕಿರೀಬೇಡ” ಎಂದು ಅವಳು ಗದರಿದ ಮೇಲೆ ಅವನು ಚಹಾ ಸೋಸುವ ಕಡೆ ತಿರುಗಿಕೊಂಡ.

ಆದರೆ ನಿಜವಾದ ಜಗಳ ಆದದ್ದು ವಿಲಾಸಿನಿ ಟೀಚರ ಮನೆಯಲ್ಲಿ. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಊರಿಗೆಲ್ಲ ಇನ್ನೂ ಟೀಚರೇ. ಅಮ್ಮಿಣಿ ಮೊಟ್ಟಮೊದಲು ಎಣ್ಣೆ ತಿಕ್ಕಿದ್ದು ಅವರ ಎರಡನೆಯ ಬಾಣಂತನಕ್ಕೆ. ಅಲ್ಲಿಂದ ಪ್ರತಿ ಕರ್ಕಿಡಕದ ಮೊದಲ ವಾರ ಅವರದ್ದೇ.

“ನೀನು ಹೀಗಂದ್ರೆ ನನ್ನ ಸೊಂಟದ ಗತಿ ಏನೇ? ಮೊದಲು ನಂದು ಮುಗಿಸು, ಆಮೇಲೆ ಬೇಕಾದಷ್ಟು ದಿನ ಮಲಕ್ಕೋ.”

“ನಿಮ್ಮದು ಮುಗ್ಸಿ, ಪಕ್ಕದ್ಮನೆಯವರದು ಮುಗ್ಸಿ, ಅಷ್ಟೊತ್ತಿಗೆ ಕರ್ಕಿಡಕವೇ ಮುಗ್ದಿರತ್ತೆ ಟೀಚರೇ. ನಿಮ್ಮದು ಮಾತ್ರ ಸೊಂಟ, ನನ್ನ ಹೆಗಲೇನು ಒನಕೆಯಾ?” ಎಂದು ಕೊಡೆ ಬಿಚ್ಚಿಕೊಂಡು ಬಂದುಬಿಟ್ಟಳು. ಟೀಚರಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಕರ್ಕಿಡಕದ ಒಂದನೆಯ ತಾರೀಕು ಅವಳೇ ಗಂಜಿ ಬೇಯಿಸಿದಳು, ಅವಳೇ ಸೊಪ್ಪಿನ ನೀರು ಕಾಯಿಸಿದಳು, ಅವಳೇ ಎಣ್ಣೆ ಬಿಸಿ ಮಾಡಿದಳು. ಮಣೆಯ ಮೇಲೆ ಕೂತ ಮೇಲೆ ಹೊಳೆಯಿತು: ತಿಕ್ಕುವವರು ಯಾರು? ಊರಿಗೆಲ್ಲ ಇರುವುದು ಒಂದೇ ಕೈ, ಆ ಕೈ ಇರುವುದು ಇದೇ ಹಾಳು ಹೆಗಲಿನ ತುದಿಯಲ್ಲಿ. ಎಡಗೈ ಎಷ್ಟು ಚಾಚಿದರೂ ಬೆನ್ನ ಹಿಂದಿನ ನೋವು ನಾಲ್ಕು ಬೆರಳು ಆಚೆಗೇ ಉಳಿಯುತ್ತಿತ್ತು.

ಸೊಸೆ ಶೈಜ ಬಟ್ಟೆ ಅಂಗಡಿಯ ಕೆಲಸಕ್ಕೆ ಹೊರಟವಳು ಸೆರಗು ಸಿಕ್ಕಿಸಿಕೊಂಡು ಬಂದು ತಿಕ್ಕಿದಳು. ಪಾಪದ ಹುಡುಗಿ, ಮೂಳೆಯ ಮೇಲೇ ಹೆಬ್ಬೆರಳೂರಿ ಕೆಳಗಿನಿಂದ ಮೇಲಕ್ಕೆ ಎಳೆದಳು.

“ಅಯ್ಯಯ್ಯೋ, ಬಿಡೇ ಮಾರಾಯ್ತಿ, ಕೊಂದೇಬಿಡ್ತೀಯಾ!”

“ನಂಗೇನು ಗೊತ್ತಮ್ಮಾ? ಕೇಳಿದಾಗ ಕಲಿಸಿದ್ರಾ ನೀವು? ಇದು ನನ್ನ ಕೈಯ ವಿದ್ಯೆ, ನಿನಗ್ಯಾಕೆ ಅಂದ್ರಿ.” ಶೈಜ ಕಣ್ಣೊರೆಸಿಕೊಂಡು ಬಸ್ಸಿಗೆ ಓಡಿದಳು. ಅಂದಿದ್ದು ಹೌದು. ಅಮ್ಮಿಣಿ ತನ್ನನ್ನೇ ನಾಲ್ಕು ಬೈದುಕೊಂಡಳು. ಎಣ್ಣೆ ಬಟ್ಟಲಲ್ಲೇ ಆರಿತು.

ಮರುದಿನ ಬೆಳಗ್ಗೆಯೂ ಅವಳು ಎಣ್ಣೆ ಬಿಸಿ ಮಾಡಿ, ಅದನ್ನೇ ದುರುಗುಟ್ಟಿ ನೋಡುತ್ತ ಕೂತಿದ್ದಳು. ಹೊರಗೆ ಧೋ ಎಂದು ಮಳೆ. ಗೇಟಿನ ಬಳಿ ಆಟೋ ನಿಂತಿತು. ಇಳಿದದ್ದು ವಿಲಾಸಿನಿ ಟೀಚರ್, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಕೊಡೆ, ಸೀರೆಯಂಚು ಕೆಸರು.

“ನಾನು ಬರಲ್ಲ” ಅಮ್ಮಿಣಿ ಕೂತಲ್ಲಿಂದಲೇ ಕೂಗಿದಳು. “ಆಟೋ ತಂದ್ರೂ ಬರಲ್ಲ, ಜೀಪು ತಂದ್ರೂ ಬರಲ್ಲ.”

“ನಿನ್ನ ಯಾರೇ ಕರೆದ್ರು? ಶೈಜ ನಿನ್ನೆ ಬಸ್‌ಸ್ಟಾಪಲ್ಲಿ ಅಳ್ತಾ ಎಲ್ಲ ಹೇಳಿದಳು. ರವಿಕೆ ತೆಗೆದು ಆ ಕಡೆ ತಿರುಗಿ ಕೂತ್ಕೋ.”

“ನೀವು ತಿಕ್ತೀರಾ? ನಿಮಗೇನು ಗೊತ್ತು?”

“ಮೂವತ್ತೊಂದು ವರ್ಷ ನಿನ್ನ ಕೈ ಕೆಳಗೆ ಬಿದ್ದಿದ್ದವಳು ನಾನು. ಆ ಕೈ ಎಲ್ಲಿ ಶುರು ಆಗತ್ತೆ, ಎಲ್ಲಿ ನಿಲ್ಲತ್ತೆ ಅಂತ ನನ್ನ ಮೈಗೆ ಗೊತ್ತಿಲ್ವೇನೇ? ಬಾಯಿ ಮುಚ್ಚು.”

ಬಿಸಿ ಎಣ್ಣೆ ಹೆಗಲಿಗೆ ಬಿತ್ತು. ಕೀಲಿನ ಸುತ್ತ ಕೈ ದುಂಡಗೆ ಸುತ್ತಿತು, ತೋಳಿನ ಮೂಳೆಯುದ್ದಕ್ಕೆ ನೇರ ಕೆಳಗಿಳಿಯಿತು, ಮತ್ತೆ ಹಿಂದಕ್ಕೆ ಹೋಗಿ ಬೆನ್ನಿನ ಹಲಗೆಮೂಳೆಯ ಕೆಳಗಿದ್ದ ಗಂಟನ್ನು ಹುಡುಕಿ ಹಿಡಿಯಿತು. ಹಿಡಿದು, ಮೂರು ಉಸಿರಿನಷ್ಟು ಹೊತ್ತು ಹಾಗೇ ಅದುಮಿ ನಿಂತಿತು. ಮುದಿ ಕೈ, ಬಲ ಸಾಲದು. ಆದರೆ ಒಂದು ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಅದು ಅಮ್ಮಿಣಿಯದ್ದೇ ಕೈವರಸೆ. ಎಷ್ಟೋ ಮೈಗಳಿಗೆ ಕೊಟ್ಟ ಆ ಸುಖ ಹೇಗಿರುತ್ತದೆಂದು ಅವಳಿಗೆ ಈವರೆಗೆ ಗೊತ್ತೇ ಇರಲಿಲ್ಲ. ಅವಳ ಕಣ್ಣಲ್ಲಿ ದಳದಳ ನೀರಿಳಿಯಿತು. ಅದರ ಹಿಂದೆಯೇ ಸಿಟ್ಟು ಉಕ್ಕಿ ಬಂತು.

“ಗೊತ್ತಿತ್ತು ಹಾಗಾದ್ರೆ” ಎಂದಳು. “ಇಷ್ಟು ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ, ಬಾರೇ ಅಮ್ಮಿಣೀ, ನೀನೂ ಸ್ವಲ್ಪ ಕೂತ್ಕೋ ಅಂದ್ರಾ ಟೀಚರೇ?”

ಬೆನ್ನ ಮೇಲಿನ ಕೈ ನಿಂತಿತು.

“ಇಲ್ಲ” ಎಂದರು ಟೀಚರ್. “ಅನ್ನಲಿಲ್ಲ.”

ಅಮ್ಮಿಣಿ ತಿರುಗಿ ನೋಡಲಿಲ್ಲ. ಮುಂಗೈಯಿಂದ ಮೂಗೊರೆಸಿಕೊಂಡಳು.

“ಕೈ ಯಾಕೆ ನಿಲ್ಲಿಸಿದ್ರಿ? ಎಣ್ಣೆ ಆರತ್ತೆ. ಇನ್ನೂ ಸ್ವಲ್ಪ ಒತ್ತಿ” ಎಂದಳು. “ನಾಳೆ ಇನ್ನೂ ಬೇಗ ಬನ್ನಿ. ಏಳು ದಿನ ಆಗೋವರೆಗೆ ನಿಮ್ಮನ್ನ ಬಿಡಲ್ಲ ನಾನು.”